ಇಲಿಮರಿಯ ಮಿದುಳಿನ ಸೆಕ್ಷನ್ ಕೈಕೊಡದಿರಲು: ನವಜಾತ ಮಿದುಳು ಹಾನಿ ಸಂಶೋಧನೆಯ ಲ್ಯಾಬ್ ಕೆಲಸ, ಹಂತ ಹಂತವಾಗಿ

"ಸ್ಟೇನ್ ಹಿಡಿಯುತ್ತಿಲ್ಲ, ಆಂಟಿಬಾಡಿ ಕೆಟ್ಟಿರಬೇಕು." ನವಜಾತ ಮಿದುಳು ಹಾನಿಯ ಲ್ಯಾಬಿಗೆ ಹೊಸದಾಗಿ ಸೇರಿದ ಟೆಕ್ನಾಲಜಿಸ್ಟ್‌ಗಳಿಂದ ನಾನು ಹೆಚ್ಚಾಗಿ ಕೇಳುವ ದೂರು ಇದು. ಸ್ಟೇನ್ ಅಂದರೆ ಸೆಕ್ಷನ್‌ಗೆ, ಅಂದರೆ ಮಿದುಳಿನ ತೆಳು ಹೋಳಿಗೆ, ಹಾಕುವ ಬಣ್ಣ. ಆಂಟಿಬಾಡಿ ಅಂದರೆ ನಿರ್ದಿಷ್ಟ ಪ್ರೋಟೀನಿಗೆ ಅಂಟಿ ಅದನ್ನು ತೋರಿಸಿಕೊಡುವ ಅಣು. ಸ್ಲೈಡ್ ತೆಗೆದುಕೊಂಡು ಮೈಕ್ರೋಸ್ಕೋಪಿನಡಿ ಇಟ್ಟರೆ ಬಹಳ ಸಲ ಆಂಟಿಬಾಡಿಯ ತಪ್ಪೇನೂ ಇರುವುದಿಲ್ಲ. ಸಣ್ಣ ರಕ್ತನಾಳಗಳಲ್ಲಿ ಕೆಂಪು ಕಣಗಳು ಸಾಲುಗಟ್ಟಿ ನಿಂತಿರುತ್ತವೆ, ಅಂದರೆ ಪರ್ಫ್ಯೂಷನ್ (ಹೃದಯದ ಮೂಲಕ ದ್ರವ ಹರಿಸಿ ರಕ್ತ ತೊಳೆದು ಮಿದುಳನ್ನು ಗಟ್ಟಿಮಾಡುವುದು) ಸರಿಯಾಗಿಲ್ಲ. ಇಲ್ಲವೇ ಮಿದುಳಿನ ಹಿಪೊಕ್ಯಾಂಪಸ್ ಭಾಗದ ತುಂಬ ತೂತುಗಳಿರುತ್ತವೆ, ಅಂದರೆ ಫ್ರೀಜ್ ಮಾಡುವಾಗ ಒಳಗೆ ಹಿಮದ ಹರಳು ಬೆಳೆದಿದೆ. ತಪ್ಪು ನಡೆದು ಹದಿನೈದು ದಿನವಾಗಿರುತ್ತದೆ, ಕಣ್ಣಿಗೆ ಬೀಳುವುದು ಇವತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಾವು ಹೆಚ್ಚಾಗಿ ಬಳಸುವ ರೈಸ್–ವನೂಚಿ ಮಾದರಿಯಲ್ಲಿ 7 ದಿನದ ಇಲಿಮರಿಯ ಕುತ್ತಿಗೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ಅಪಧಮನಿಯನ್ನು ಒಂದು ಬದಿಯಲ್ಲಿ ಕಟ್ಟಿ, ಆಮೇಲೆ ಶೇ 8ರಷ್ಟು ಮಾತ್ರ ಆಮ್ಲಜನಕವಿರುವ ಗಾಳಿಯಲ್ಲಿ ಇಡುತ್ತಾರೆ. ಈ ಆಮ್ಲಜನಕದ ಕೊರತೆಯೇ ಹೈಪಾಕ್ಸಿಯಾ. ಮುಖ್ಯ ಹಾನಿ ಕಟ್ಟಿದ ಕಡೆ ಆಗುತ್ತದೆ, ಇನ್ನೊಂದು ಕಡೆ ಹೋಲಿಕೆಗೆ ಉಳಿಯುತ್ತದೆ. ನಮ್ಮ ಕೈತಪ್ಪು ಎರಡೂ ಕಡೆ ಒಂದೇ ಸಮ ಬಿದ್ದರೆ ಗೊತ್ತಾಗುತ್ತದೆ, ಸ್ಲೈಡನ್ನು ಪಕ್ಕಕ್ಕಿಡುತ್ತೇವೆ. ಕಟ್ಟಿದ ಕಡೆಗೆ ಮಾತ್ರ ಬಿದ್ದ ತಪ್ಪು ಫಲಿತಾಂಶದ ವೇಷ ಹಾಕಿಕೊಂಡು ಬರುತ್ತದೆ. ಈ ಮಾರ್ಗದರ್ಶಿಯ ಉದ್ದಕ್ಕೂ ನನ್ನ ಕಣ್ಣು ಅಂಥ ತಪ್ಪುಗಳ ಮೇಲೆಯೇ ಇದೆ.

ಇಲ್ಲಿರುವ ಅಳತೆಗಳು ಹೈಪಾಕ್ಸಿಯಾ ಆಗಿ 7 ದಿನ ಕಳೆದ, ಅಂದರೆ 14 ದಿನ ವಯಸ್ಸಿನ ಇಲಿಮರಿಗೆ ನಾನು ಬಳಸುವಂಥವು. ಮರಿ ಚಿಕ್ಕದಾದರೆ ಸೂಜಿ, ವೇಗ, ಪ್ರಮಾಣ ಮೂರನ್ನೂ ಇಳಿಸಿ. ಪ್ರಾಣಿಯ ಮೇಲೆ ಮಾಡುವ ಪ್ರತಿಯೊಂದು ಕೆಲಸಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ಅದರಲ್ಲಿ ನಿಮ್ಮ ಹೆಸರಿರಬೇಕು, ಕೈಹಿಡಿದು ಕಲಿಸಿದ ಒಬ್ಬರಿರಬೇಕು. ಓದಿ ಕಲಿಯುವ ಕೆಲಸವಲ್ಲ ಅದು.

ಹಂತ 1: ಯಾವ ಮಿದುಳು ಯಾವ ಪರೀಕ್ಷೆಗೆ ಎಂದು ಮೊದಲೇ ಬರೆದಿಡಿ

ಟಿಟಿಸಿ ಬಣ್ಣಕ್ಕೆ ಹಸಿ ಮಿದುಳೇ ಬೇಕು. ಜೀವಂತ ಕೋಶಗಳ ಮೈಟೊಕಾಂಡ್ರಿಯಾದ ಕಿಣ್ವಗಳು ಬಣ್ಣವಿಲ್ಲದ ಟಿಟಿಸಿಯನ್ನು ಕೆಂಪಗೆ ಮಾಡುತ್ತವೆ, ಸತ್ತ ಭಾಗ ಬಿಳಿಚಿಕೊಂಡು ಉಳಿಯುತ್ತದೆ. ಫಾರ್ಮಾಲ್ಡಿಹೈಡ್ ಸೋಕಿದ ಮಿದುಳಿನಲ್ಲಿ ಆ ಕಿಣ್ವ ಕೆಲಸ ಮಾಡುವುದಿಲ್ಲ. ಪ್ರೋಟೀನ್ ಅಥವಾ ಆರ್‌ಎನ್‌ಎ ತೆಗೆಯಲೂ ಹಸಿ ಅಂಗಾಂಶವೇ ಬೇಕು, ಅದನ್ನು ತಕ್ಷಣ ಫ್ರೀಜ್ ಮಾಡಬೇಕು. ಕ್ರೆಸಿಲ್ ವಯೊಲೆಟ್ (ಕೋಶಗಳನ್ನು ನೇರಳೆಯಾಗಿಸುವ ಬಣ್ಣ) ಮತ್ತು ಆಂಟಿಬಾಡಿ ಸ್ಟೇನಿಂಗ್‌ಗೆ ಫಿಕ್ಸ್ ಆದ, ಅಂದರೆ ಫಾರ್ಮಾಲ್ಡಿಹೈಡ್ ಕುಡಿದು ಗಟ್ಟಿಯಾದ ಮಿದುಳು. ಒಂದೇ ಮಿದುಳಿನಿಂದ ಎಲ್ಲವನ್ನೂ ಪಡೆಯುವ ಆಸೆಯಲ್ಲಿ ಯಾವುದೂ ಸರಿಯಾಗಿ ಸಿಗದೆ ಹೋದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಯಾವ ಮರಿ ಯಾವುದಕ್ಕೆ ಎಂಬುದು ಸರ್ಜರಿಗೆ ಮುಂಚೆಯೇ ಪಟ್ಟಿಯಲ್ಲಿರಲಿ.

ಅದೇ ಪಟ್ಟಿಯಲ್ಲಿ ಸೂಲಿನ ಸಂಖ್ಯೆ, ಗಂಡೋ ಹೆಣ್ಣೋ, ತೂಕ, ಕಟ್ಟಿದ್ದು ಎಡವೋ ಬಲವೋ, ಹೈಪಾಕ್ಸಿಯಾ ಶುರುವಾದ ಮತ್ತು ಮುಗಿದ ಸಮಯ, ಆಗಿನ ಉಷ್ಣತೆ ಇಷ್ಟಕ್ಕೂ ಕಾಲಂ ಮಾಡಿ. ಸೂಲಿನ ಕಾಲಂ ಬಿಟ್ಟರೆ ಆಮೇಲೆ ಯಾವ ಅಂಕಿಅಂಶ ತಜ್ಞರೂ ಏನೂ ಮಾಡಲಾರರು. ಒಂದೇ ತಾಯಿಯ ಹತ್ತು ಮರಿಗಳು ಹತ್ತು ಸ್ವತಂತ್ರ ಮಾದರಿಗಳಲ್ಲ. ಔಷಧ ಕೊಡುವ ಗುಂಪು, ಕೊಡದ ಗುಂಪು ಎರಡೂ ಪ್ರತಿ ಸೂಲಿನಲ್ಲಿ ಹಂಚಿಕೆಯಾಗಬೇಕು. ನಡುವೆ ಸತ್ತ ಮರಿಗಳ ಸಾಲನ್ನು ಅಳಿಸಬೇಡಿ, ಅದೂ ದಾಖಲೆಯೇ.

ಉಷ್ಣತೆಯ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳುತ್ತೇನೆ. 7 ದಿನದ ಮರಿ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ಹೈಪಾಕ್ಸಿಯಾ ಡಬ್ಬಿ ಒಂದೆರಡು ಡಿಗ್ರಿ ತಣ್ಣಗಾದರೆ ಸಾಕು, ಹಾನಿ ಕಡಿಮೆಯಾಗುತ್ತದೆ. ಹುಟ್ಟುವಾಗ ಉಸಿರುಗಟ್ಟಿದ ಪೂರ್ಣಾವಧಿ ಶಿಶುಗಳನ್ನು 6 ಗಂಟೆಯೊಳಗೆ ಶುರುಮಾಡಿ 72 ಗಂಟೆ 33.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡುವ ಚಿಕಿತ್ಸೆ ನಿಂತಿರುವುದೂ ಇದೇ ಗುಣದ ಮೇಲೆ. ಶಿಶುವಿಗೆ ವರವಾದದ್ದು ನಿಮ್ಮ ಪ್ರಯೋಗಕ್ಕೆ ಗೊತ್ತಿಲ್ಲದೆ ನುಗ್ಗಿದರೆ ಔಷಧ ಕೆಲಸ ಮಾಡಿತೋ ತಂಪು ಕೆಲಸ ಮಾಡಿತೋ ಹೇಳುವವರಿಲ್ಲ. ಡಬ್ಬಿಯೊಳಗಿನ ಗಾಳಿಯ ಉಷ್ಣತೆ ಸಾಲದು. ಒಂದು ಮರಿಯ ಮೈಯುಷ್ಣತೆಯನ್ನೇ ಅಳೆಯಿರಿ, ಅದು 36ರಿಂದ 37 ಡಿಗ್ರಿಯಲ್ಲಿ ನಿಂತಿರಲಿ. ಗೋಡೆಗೆ ಒತ್ತಿಕೊಂಡ ಮರಿ, ನಡುವೆ ಗುಂಪಿನಲ್ಲಿರುವ ಮರಿ ಎರಡರ ಬಿಸಿಯೂ ಒಂದೇ ಇರುವುದಿಲ್ಲ. ಶ್ಯಾಮ್ ಮರಿಗಳನ್ನೂ (ಸರ್ಜರಿ ಮಾಡಿಯೂ ಅಪಧಮನಿ ಕಟ್ಟದೆ, ಹೈಪಾಕ್ಸಿಯಾ ಕೊಡದೆ ಹೋಲಿಕೆಗೆ ಇಟ್ಟವು) ಅಷ್ಟೇ ಹೊತ್ತು ತಾಯಿಯಿಂದ ದೂರ ಇಡಬೇಕು, ಅಷ್ಟೇ ಬೆಚ್ಚಗೆ ಇಡಬೇಕು.

ಹಂತ 2: ಪಿಎಫ್‌ಎ ತಯಾರಿ

ಮಿದುಳನ್ನು ಫಿಕ್ಸ್ ಮಾಡುವ ಶೇ 4ರ ಪ್ಯಾರಾಫಾರ್ಮಾಲ್ಡಿಹೈಡ್ (ಪಿಎಫ್‌ಎ) ಅನ್ನು ಹಿಂದಿನ ದಿನವೋ ಅದೇ ದಿನವೋ ಮಾಡಿಕೊಳ್ಳಿ. ಫ್ಯೂಮ್ ಹುಡ್‌ನೊಳಗೇ ಪುಡಿ ತೂಗಿ, ನೀರನ್ನು 60 ಡಿಗ್ರಿಗೆ ಏರಿಸಿ, ಪುಡಿ ಹಾಕಿ ಕಲಕಿ. ಹಾಲಿನಂತೆ ಬೆಳ್ಳಗಿರುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬಿಟ್ಟರೆ ತಿಳಿಯಾಗುತ್ತದೆ. ತಿಳಿಯಾಗಲಿಲ್ಲ ಎಂದು ಬಿಸಿ ಹೆಚ್ಚಿಸಬೇಡಿ, ಇನ್ನೊಂದು ಹನಿ ಬಿಟ್ಟು ಕಾಯಿರಿ. ತಣಿದ ಮೇಲೆ ಫಾಸ್ಫೇಟ್ ಬಫರ್ ಸೇರಿಸಿ, ಪಿಎಚ್ 7.4ಕ್ಕೆ ತಂದು, ಸೋಸಿ, 4 ಡಿಗ್ರಿಯಲ್ಲಿಡಿ.

ಪಿಎಚ್ ನೋಡುವುದನ್ನು ಬಿಡುವವರು ಬಹಳ. ಹನಿ ಹೆಚ್ಚು ಬಿದ್ದ ದ್ರಾವಣ ನೋಡಲು ಸರಿಯಾದದ್ದರಂತೆಯೇ ಇರುತ್ತದೆ. ಪುಡಿ ಕರಗಿ ಬರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ. ನೈಟ್ರೈಲ್ ಕೈಗವಸು, ಕನ್ನಡಕ ಹಾಕಿಯೇ ಮುಟ್ಟಬೇಕು, ಬಳಸಿದ್ದು ಬೇರೆ ಕ್ಯಾನಿಗೆ ಹೋಗಬೇಕು, ಸಿಂಕಿಗಲ್ಲ.

ಹಂತ 3: ಪರ್ಫ್ಯೂಷನ್

ಬೇಕಾದವು: ಪೆರಿಸ್ಟಾಲ್ಟಿಕ್ ಪಂಪ್, 25 ಗೇಜ್ ಬಟರ್‌ಫ್ಲೈ ಸೂಜಿ, ಸಣ್ಣ ಕತ್ತರಿ ಎರಡು, ಮೊಂಡು ಮೂತಿಯ ಚಿಮಟ, ತಣ್ಣಗಿನ ಸಲೈನ್, ತಣ್ಣಗಿನ ಪಿಎಫ್‌ಎ. ಟ್ಯೂಬಿನಲ್ಲಿ ಗಾಳಿಗುಳ್ಳೆ ಒಂದೂ ಇಲ್ಲ ಎಂದು ಬೆಳಕಿಗೆ ಹಿಡಿದು ನೋಡಿ. ಒಂದು ಗುಳ್ಳೆ ಒಳಹೊಕ್ಕರೂ ಅದರ ಮುಂದಿನ ನಾಳಗಳಿಗೆ ದ್ರವ ಹೋಗುವುದಿಲ್ಲ.

ಮರಿಗೆ ಆಳವಾದ ಅರಿವಳಿಕೆ ಆಗಿದೆ ಎಂದು ಕಾಲ್ಬೆರಳು ಚಿವುಟಿ ಖಚಿತಪಡಿಸಿಕೊಳ್ಳಿ. ಕಾಲು ಸ್ವಲ್ಪ ಎಳೆದುಕೊಂಡರೂ ನಿಲ್ಲಿಸಿ, ಕಾಯಿರಿ. ಇದರಲ್ಲಿ ಅವಸರಕ್ಕೆ ಜಾಗವೇ ಇಲ್ಲ.

ಎದೆ ತೆರೆದ ಮೇಲೆ ಎಡ ಹೃತ್ಕುಕ್ಷಿಯ ತುದಿಯಲ್ಲಿ ಸೂಜಿ ಚುಚ್ಚಿ, ಬಲ ಹೃತ್ಕರ್ಣವನ್ನು ಕತ್ತರಿಸಿ, ಸಲೈನ್ ಬಿಡಿ. ನಿಮಿಷಕ್ಕೆ 3ರಿಂದ 4 ಮಿಲಿ, ಒಟ್ಟು ಸುಮಾರು 20 ಮಿಲಿ. ಆಮೇಲೆ ಅದೇ ವೇಗದಲ್ಲಿ 20ರಿಂದ 30 ಮಿಲಿ ಪಿಎಫ್‌ಎ. ಯಕೃತ್ತು ಕೆಂಪು ಕಳೆದುಕೊಂಡು ಮಾಸಲು ಬಣ್ಣಕ್ಕೆ ತಿರುಗಬೇಕು. ಪಿಎಫ್‌ಎ ತಲುಪಿದಾಗ ಬಾಲ, ಕಾಲು ಅದುರಿ ಸೆಟೆದುಕೊಳ್ಳುತ್ತವೆ.

ಮೂಗಿನಿಂದ ದ್ರವ ಬಂದರೆ, ಶ್ವಾಸಕೋಶ ಬಿಳಿಯಾಗಿ ಉಬ್ಬಿದರೆ ಸೂಜಿ ನಡುಗೋಡೆ ದಾಟಿ ಬಲಕ್ಕೆ ಹೋಗಿದೆ, ಇಲ್ಲವೇ ಒತ್ತಡ ಹೆಚ್ಚಾಗಿದೆ. ಸೂಜಿಯನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ ತನ್ನಿ, ವೇಗ ಇಳಿಸಿ. ಈ ಹೃದಯ ಕಿರುಬೆರಳ ತುದಿಗಿಂತ ಚಿಕ್ಕದು, ಸೂಜಿ ಹೆಚ್ಚು ಆಳ ಹೋಗುವುದೇ ಹೊಸಬರ ಮೊದಲ ತಪ್ಪು.

ಈಗ ನಾನು ಹೇಳಿದ ಒಂದು ಕಡೆಯ ತಪ್ಪುಗಳಲ್ಲಿ ಮೊದಲನೆಯದು. ಕ್ಯಾರೊಟಿಡ್ ಕಟ್ಟಿದ ಕಡೆಗೆ ದ್ರವ ನೇರವಾಗಿ ಹೋಗುವುದಿಲ್ಲ. ಮಿದುಳಿನ ಬುಡದಲ್ಲಿರುವ ವಿಲಿಸ್ ವರ್ತುಲವನ್ನು ಸುತ್ತಿಕೊಂಡು ಹೋಗಬೇಕು. ಅಲ್ಲಿ ರಕ್ತ ತೊಳೆದು ಹೋಗುವುದು ತಡ. ಯಕೃತ್ತು ತಿಳಿಯಾಯಿತೆಂದು ಸಲೈನ್ ಬೇಗ ನಿಲ್ಲಿಸಿ ಪಿಎಫ್‌ಎ ಬಿಟ್ಟರೆ ಕಟ್ಟಿದ ಕಡೆಯ ನಾಳಗಳಲ್ಲಿ ಕೆಂಪು ಕಣ ಹಾಗೇ ಗಟ್ಟಿಯಾಗುತ್ತದೆ. ಕೆಂಪು ಕಣದ ಹಿಮೊಗ್ಲೋಬಿನ್ ಪೆರಾಕ್ಸಿಡೇಸ್‌ನಂತೆ ವರ್ತಿಸಿ ಡಿಎಬಿಯನ್ನು (ಆಂಟಿಬಾಡಿ ಅಂಟಿದ ಜಾಗವನ್ನು ಪೆರಾಕ್ಸಿಡೇಸ್ ಕಿಣ್ವದ ನೆರವಿನಿಂದ ಕಂದು ಬಣ್ಣದಲ್ಲಿ ತೋರಿಸುವ ರಾಸಾಯನಿಕ) ಕಂದಾಗಿಸುತ್ತದೆ. ನೋಡುವವರಿಗೆ ಹಾನಿಯಾದ ಕಡೆ ಕಂದು ಹೆಚ್ಚು, ಇನ್ನೊಂದು ಕಡೆ ಶುಭ್ರ. ಎಷ್ಟು ಚಂದದ ಫಲಿತಾಂಶ, ಎಷ್ಟು ಸುಳ್ಳು. ಯಕೃತ್ತು ತಿಳಿಯಾದ ಮೇಲೂ ಎರಡು ಮೂರು ನಿಮಿಷ ಸಲೈನ್ ಹರಿಯಲಿ. ಮಿದುಳು ಹೊರತೆಗೆದಾಗ ಎರಡೂ ಬದಿಯ ಬಣ್ಣ ಹೋಲಿಸಿ, ಒಂದು ಬದಿ ಗುಲಾಬಿ ಕಂಡರೆ ಪಟ್ಟಿಯಲ್ಲಿ ಬರೆದಿಡಿ.

ಹಂತ 4: ಮಿದುಳು ಹೊರತೆಗೆಯುವುದು

ಪರ್ಫ್ಯೂಷನ್ ಮುಗಿದ ತಕ್ಷಣ ಬುರುಡೆ ಬಿಚ್ಚಬೇಡಿ. ಪೂರ್ತಿ ಗಟ್ಟಿಯಾಗದ ಮಿದುಳನ್ನು ಒತ್ತಿದರೆ, ಎಳೆದರೆ ಕೆಲವು ನರಕೋಶಗಳು ಕುಗ್ಗಿ ಕಡುಗಪ್ಪಾಗಿ ಕಾಣುತ್ತವೆ, ಅವುಗಳ ಚಾಚುಗಳು ತಿರುಚಿಕೊಂಡಿರುತ್ತವೆ. ಆಮ್ಲಜನಕ ಸಿಗದೆ ಸತ್ತ ಕೋಶ ಇದೇ ಎಂದು ಎಣಿಸಿಬಿಡುವುದು ಬಹಳ ಸುಲಭ. ತಲೆಯನ್ನು ಬುರುಡೆಯ ಸಮೇತ ಕೆಲವು ಗಂಟೆ ಪಿಎಫ್‌ಎಯಲ್ಲಿ 4 ಡಿಗ್ರಿಯಲ್ಲಿಟ್ಟು ಆಮೇಲೆ ತೆಗೆದರೆ ಈ ಕಾಟ ಬಹಳ ಕಡಿಮೆಯಾಗುತ್ತದೆ.

ಮರಿಯ ಬುರುಡೆ ತೆಳು, ಕತ್ತರಿಯ ಒಂದು ಅಲಗು ಒಳಗೆ ಹೋಗುತ್ತದೆ. ಹಿಂಬದಿಯಿಂದ ನಡುಗೆರೆಯುದ್ದಕ್ಕೂ, ಅಲಗಿನ ತುದಿ ಸದಾ ಮೇಲ್ಮುಖವಾಗಿರುವಂತೆ ಕತ್ತರಿಸಿ. ಪೊರೆ ಅಂಟಿಕೊಂಡಿದ್ದರೆ ಕತ್ತರಿಸಿ ಬಿಡಿಸಿ. ಎಳೆದರೆ ಮಿದುಳಿನ ಹೊರಪದರ (ಕಾರ್ಟೆಕ್ಸ್) ಸೀಳುತ್ತದೆ. ಹೆಚ್ಚು ಹಾನಿಯಾದ ಮರಿಗಳಲ್ಲಿ ಕಟ್ಟಿದ ಕಡೆ ನೀರು ತುಂಬಿದ ಗುಳ್ಳೆಯಾಗಿ, ಮೇಲೆ ತೆಳು ಪದರ ಮಾತ್ರ ಉಳಿದಿರುತ್ತದೆ. ಚಿಮಟ ತಗುಲಿದರೆ ಸಾಕು, ಒಡೆಯುತ್ತದೆ. ಒಡೆದು ಕಳೆದುಹೋದ ಚೂರು ಆಮೇಲೆ ಅಳತೆಯಲ್ಲಿ ಅಂಗಾಂಶ ನಷ್ಟವಾಗಿ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಚಿಮಟದಲ್ಲಿ ಎತ್ತಬೇಡಿ. ತಲೆಯನ್ನು ಬಫರಿನಲ್ಲಿ ಮುಳುಗಿಸಿ, ಕೆಳಗಿನಿಂದ ಸಣ್ಣ ಚಮಚದಂಥ ಸ್ಪ್ಯಾಚುಲಾ ತೂರಿಸಿ, ತೇಲಿಸಿ ತೆಗೆಯಿರಿ. ಚೂರು ಬೇರೆಯಾದರೆ ಅದನ್ನೂ ಅದೇ ಬಾಟಲಿಗೆ ಹಾಕಿ ಚೀಟಿಯಲ್ಲಿ ಬರೆಯಿರಿ.

ಆಮೇಲೆ ಪಿಎಫ್‌ಎಯಲ್ಲಿ ಒಟ್ಟು 24 ಗಂಟೆ. ಶುಕ್ರವಾರ ಹಾಕಿ ಸೋಮವಾರ ತೆಗೆದರೆ ಆಂಟಿಬಾಡಿ ಅಂಟಬೇಕಾದ ಎಷ್ಟೋ ಆಂಟಿಜೆನ್‌ಗಳು ಮುಚ್ಚಿಹೋಗುತ್ತವೆ. ಸಿಟ್ರೇಟ್ ಬಫರಿನಲ್ಲಿ ಬಿಸಿಮಾಡಿ ಕೆಲವನ್ನು ಮರಳಿ ಪಡೆಯಬಹುದು, ಎಲ್ಲವನ್ನೂ ಅಲ್ಲ. ಪರ್ಫ್ಯೂಷನ್ ವಾರದ ಯಾವ ದಿನ ಎಂಬುದನ್ನು ಇದನ್ನು ನೋಡಿಕೊಂಡೇ ನಿರ್ಧರಿಸಿ.

ಹಂತ 5: ಸುಕ್ರೋಸ್, ಫ್ರೀಜಿಂಗ್

ಮರಿ ಇಲಿಯ ಮಿದುಳಿನಲ್ಲಿ ಬೆಳೆದ ಇಲಿಯದಕ್ಕಿಂತ ನೀರು ಹೆಚ್ಚು, ಆದ್ದರಿಂದ ಹಿಮದ ಹರಳಿನ ಭಯವೂ ಹೆಚ್ಚು. ಅದನ್ನು ತಡೆಯಲು ಮೊದಲು ಶೇ 15, ಆಮೇಲೆ ಶೇ 30ರ ಸುಕ್ರೋಸ್. ಮಿದುಳು ತಳಕ್ಕೆ ಇಳಿಯುವವರೆಗೆ ಇಡಿ. ಇಲ್ಲಿ ಗಡಿಯಾರ ಲೆಕ್ಕವಲ್ಲ, ಮುಳುಗಿದ್ದು ಲೆಕ್ಕ. ಗುಳ್ಳೆಯಿರುವ ಮಿದುಳು ತಡವಾಗಿ ಮುಳುಗುತ್ತದೆ.

ಡ್ರೈ ಐಸಿನಿಂದ ತಣಿಸಿದ ಐಸೊಪೆಂಟೇನ್ 40ರಿಂದ 50 ಡಿಗ್ರಿ ಮೈನಸ್‌ಗೆ ಬಂದಾಗ ಮಿದುಳನ್ನು ನಿಧಾನವಾಗಿ ಇಳಿಸಿ. ನೇರ ದ್ರವ ಸಾರಜನಕಕ್ಕೆ ಹಾಕಿದರೆ ಬಿರುಕು ಬಿಡುತ್ತದೆ, ಫ್ರೀಜರಿನಲ್ಲಿ ಸುಮ್ಮನೆ ಇಟ್ಟರೆ ನಿಧಾನವಾಗಿ ಗಟ್ಟಿಯಾಗಿ ಒಳಗೆಲ್ಲ ತೂತಾಗುತ್ತದೆ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಮಿದುಳನ್ನು ಕೋಶ ಎಣಿಸುವ ಕೆಲಸಕ್ಕೆ ಬಳಸಬೇಡಿ.

ಹಂತ 6: ಗುರುತು, ಆಮೇಲೆ ಕತ್ತರಿಸುವುದು

ಕತ್ತರಿಸುವ ಮುಂಚೆ ಕಟ್ಟದ ಕಡೆಯ ಅರ್ಧಗೋಳದಲ್ಲಿ, ಅಳತೆಗೆ ಬಾರದ ಜಾಗದಲ್ಲಿ, ತೆಳು ಸೂಜಿಯಿಂದ ಮುಂದಿನಿಂದ ಹಿಂದಕ್ಕೆ ಒಂದು ತೂತು ಮಾಡಿ. ಸುಕ್ರೋಸಿನಿಂದ ತೆಗೆದಾಗ, ಫ್ರೀಜ್ ಮಾಡುವ ಮುಂಚೆ ಇದನ್ನು ಮಾಡುವುದು ಸಲೀಸು. ಈ ಗುರುತು ಯಾಕೆಂದರೆ, ದ್ರವದಲ್ಲಿ ತೇಲುವ ಸೆಕ್ಷನ್ ಮಗುಚಿಕೊಳ್ಳುತ್ತದೆ. ಮಗುಚಿದ ಸೆಕ್ಷನ್‌ನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹಾನಿ ಜೋರಾಗಿದ್ದರೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಸೌಮ್ಯವಾಗಿದ್ದರೆ ಗೊತ್ತಾಗುವುದೇ ಇಲ್ಲ.

ನಾನು ಕೆಲಸ ಮಾಡಿದ ಮೊದಲ ಲ್ಯಾಬಿನಲ್ಲಿ ಒಂದು ಇಡೀ ಬ್ಯಾಚನ್ನು ಗುರುತಿಲ್ಲದೆ ಕತ್ತರಿಸಿದ್ದೆ. ಔಷಧ ಪಡೆದ ಮರಿಗಳಲ್ಲಿ ಹಾನಿ ಕಡಿಮೆಯಿತ್ತು, ಹಾಗಾಗಿ ಬದಿ ತಿಳಿಯದೆ ಕೈಬಿಡಬೇಕಾಗಿ ಬಂದದ್ದೂ ಆ ಗುಂಪಿನ ಸೆಕ್ಷನ್‌ಗಳನ್ನೇ. ಚೆನ್ನಾಗಿ ಉಳಿದುಕೊಂಡ ಮಿದುಳುಗಳನ್ನೇ ಆರಿಸಿ ಆರಿಸಿ ಹೊರಗೆ ಹಾಕಿದಂತಾಯಿತು. ಮಾರ್ಗದರ್ಶಕರಿಗೆ ಹೇಳಿದ ಆ ಸಂಜೆ ನನಗಿನ್ನೂ ನೆನಪಿದೆ. ಅಂದಿನಿಂದ ನನ್ನ ಬೆಂಚಿನ ಮೇಲೆ, ಚಾಕುವಿಗೆ ಮುಂಚೆ ಕೈಗೆ ಸಿಗುವ ಜಾಗದಲ್ಲಿ ಸೂಜಿ ಇರುತ್ತದೆ.

ಕ್ರಯೋಸ್ಟಾಟ್ (ಫ್ರೀಜ್ ಆದ ಮಿದುಳನ್ನು ಕತ್ತರಿಸುವ ತಣ್ಣನೆಯ ಯಂತ್ರ) ಒಳಗೆ 20 ಡಿಗ್ರಿ ಮೈನಸ್ ಆಸುಪಾಸು. ಸೆಕ್ಷನ್ ಚೂರುಚೂರಾಗಿ ಉದುರಿದರೆ ಅತಿ ತಣ್ಣಗಾಗಿದೆ, ಬ್ಲೇಡಿಗೆ ಅಂಟಿ ಮುದುಡಿದರೆ ಬೆಚ್ಚಗಾಗಿದೆ. ಸೆಕ್ಷನ್ ಉದ್ದಕ್ಕೂ ಗೆರೆ ಬಂದರೆ ಬ್ಲೇಡ್ ಸರಿಸಿ. 40 ಮೈಕ್ರಾನ್ ದಪ್ಪದಲ್ಲಿ ಕತ್ತರಿಸಿ ತಟ್ಟೆಯ 10 ಗುಂಡಿಗಳಲ್ಲಿ ಸರದಿಯಂತೆ ಹಾಕುತ್ತಾ ಹೋಗಿ. ಮೊದಲ ಗುಂಡಿಯಲ್ಲಿ 1, 11, 21ನೇ ಸೆಕ್ಷನ್, ಎರಡನೆಯದರಲ್ಲಿ 2, 12, 22. ಹೀಗೆ ಪ್ರತಿ ಗುಂಡಿಯಲ್ಲೂ 400 ಮೈಕ್ರಾನ್‌ಗೊಂದರಂತೆ ಇಡೀ ಮಿದುಳಿನ ಮಾದರಿ ಇರುತ್ತದೆ. ಹರಿದು ಹೋದ ಸೆಕ್ಷನ್‌ಗೂ ಸಂಖ್ಯೆ ಕೊಡಿ, ಇಲ್ಲದಿದ್ದರೆ ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಒಂದು ಹೆಜ್ಜೆ ತಪ್ಪುತ್ತದೆ. ಎಥಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಾಲ್ ಇರುವ ಬಫರಿನಲ್ಲಿ 20 ಡಿಗ್ರಿ ಮೈನಸ್‌ನಲ್ಲಿಟ್ಟರೆ ಉಳಿದ ಸರಣಿಗಳು ಮುಂದಿನ ಪ್ರಶ್ನೆಗಳಿಗೆ ಬರುತ್ತವೆ. ಹಾಗೆ ಉಳಿಸಿದರೆ ಇನ್ನಷ್ಟು ಮರಿಗಳ ಜೀವ ಉಳಿಯುತ್ತದೆ.

ಹಂತ 7: ಸ್ಟೇನಿಂಗ್

ಕ್ರೆಸಿಲ್ ವಯೊಲೆಟ್ ಬಗ್ಗೆ ಒಂದೇ ಎಚ್ಚರಿಕೆ. ಬೆಳೆದ ಇಲಿಯ ಪ್ರೋಟೊಕಾಲನ್ನು ಹಾಗೇ ಇಳಿಸಿಕೊಳ್ಳಬೇಡಿ. ಮರಿಯ ಮಿದುಳಿನಲ್ಲಿ ಮೈಲಿನ್ (ನರತಂತುಗಳ ಕೊಬ್ಬಿನ ಹೊದಿಕೆ) ಕಡಿಮೆ, ಕೋಶಗಳು ಒತ್ತೊತ್ತಾಗಿವೆ. ಕೊಬ್ಬು ತೆಗೆಯುವ ಹಂತ ಚಿಕ್ಕದು ಸಾಕು, ಬಣ್ಣ ಬೇಗ ಹಿಡಿಯುತ್ತದೆ, ಅಸಿಟಿಕ್ ಆಮ್ಲದ ಹನಿ ಬಿಟ್ಟ ಶೇ 95ರ ಆಲ್ಕೊಹಾಲಿನಲ್ಲಿ ಬಣ್ಣ ಇಳಿಸುವುದು ಸೆಕೆಂಡುಗಳ ಲೆಕ್ಕ. ಒದ್ದೆಯಾಗಿರುವಾಗಲೇ ಮೈಕ್ರೋಸ್ಕೋಪಿನಡಿ ನೋಡಿ, ಕೋಶಗಳ ನಡುವಿನ ಜಾಗ ತಿಳಿಯಾದ ಕೂಡಲೇ ನಿಲ್ಲಿಸಿ.

ಆಂಟಿಬಾಡಿಯಲ್ಲಿ ಸಾಮಾನ್ಯವಾಗಿ ನಾವು ಬಳಸುವವು ನರಕೋಶಕ್ಕೆ ಮ್ಯಾಪ್2 ಅಥವಾ ನ್ಯೂಎನ್, ಮಿದುಳಿನ ರಕ್ಷಣಾ ಕೋಶಗಳಾದ ಮೈಕ್ರೊಗ್ಲಿಯಾಗೆ ಐಬಿಎ1, ನರಕೋಶಗಳಿಗೆ ಆಸರೆಯಾದ ಆಸ್ಟ್ರೊಸೈಟ್‌ಗೆ ಜಿಎಫ್‌ಎಪಿ, ಮೈಲಿನ್‌ಗೆ ಎಂಬಿಪಿ, ಸಾಯುತ್ತಿರುವ ಕೋಶಕ್ಕೆ ಕ್ಲೀವ್ಡ್ ಕ್ಯಾಸ್ಪೇಸ್-3. ಕೊನೆಯದರಲ್ಲಿ ಹೊಸಬರು ಬೆಚ್ಚುತ್ತಾರೆ, ಶ್ಯಾಮ್ ಮರಿಯಲ್ಲೂ ಕೋಶಗಳು ಬೆಳಗುತ್ತವೆ ಎಂದು. ಬೆಳೆಯುವ ಮಿದುಳು ಹೆಚ್ಚುವರಿ ಕೋಶಗಳನ್ನು ತಾನಾಗಿಯೇ ಕಳೆದುಕೊಳ್ಳುತ್ತದೆ, ಅದು ಸಹಜ. ಅದಕ್ಕೇ ಒಂದೇ ವಯಸ್ಸಿನ, ಸಾಧ್ಯವಾದರೆ ಅದೇ ಸೂಲಿನ ಶ್ಯಾಮ್ ಮರಿ ಪ್ರತಿ ಬ್ಯಾಚಿನಲ್ಲೂ ಬೇಕು.

ಡಿಎಬಿ ಬಳಸುವುದಾದರೆ ಮೊದಲು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದುವುದನ್ನು ಬಿಡಬೇಡಿ. ಸೆಕ್ಷನ್ ಮೇಲೆ ಗುಳ್ಳೆ ಜೋರಾಗಿ ಎದ್ದರೆ ರಕ್ತ ಉಳಿದಿದೆ ಎಂದು ತಿಳಿಯಿರಿ. ಯಾವ ಕಡೆ ಹೆಚ್ಚು ಎದ್ದಿತು ಎಂಬುದನ್ನೂ ಗಮನಿಸಿ.

ಇನ್ನೊಂದು ಒಂದು ಕಡೆಯ ತಪ್ಪು ಅಡಗಿರುವುದು ಸೆಕೆಂಡರಿ ಆಂಟಿಬಾಡಿಯಲ್ಲಿ, ಅಂದರೆ ಮಿದುಳಿನ ಪ್ರೋಟೀನಿಗೆ ಅಂಟಿದ ಮೊದಲ (ಪ್ರೈಮರಿ) ಆಂಟಿಬಾಡಿಯನ್ನು ಹಿಡಿದು ಬಣ್ಣ ತರುವ ಎರಡನೆಯದರಲ್ಲಿ. ಹಾನಿಯಾದ ಕಡೆ ರಕ್ತನಾಳದ ತಡೆಗೋಡೆ ಸಡಿಲವಾಗಿ ಇಲಿಯ ರಕ್ತದಲ್ಲಿರುವ ಸ್ವಂತ ಆಂಟಿಬಾಡಿ (ಐಜಿಜಿ) ಮಿದುಳಿಗೆ ಸೋರಿರಬಹುದು. ಇಲಿಯ ಐಜಿಜಿಯನ್ನೂ ಹಿಡಿಯುವ ಸೆಕೆಂಡರಿ ಬಳಸಿದರೆ ಆ ಕಡೆಯೆಲ್ಲ ಮಂಜಿನಂತೆ ಬಣ್ಣ ಬರುತ್ತದೆ. ಇಲಿಯ ಐಜಿಜಿಯನ್ನು ಹಿಡಿಯದಂತೆ ಶುದ್ಧಿ ಮಾಡಿದ ಸೆಕೆಂಡರಿಯನ್ನೇ ತರಿಸಿ. ಪ್ರೈಮರಿ ಹಾಕದ ಕಂಟ್ರೋಲ್ ಸೆಕ್ಷನ್ ಅನ್ನು ಶ್ಯಾಮ್ ಮಿದುಳಿನಿಂದ ತೆಗೆಯುವವರೇ ಹೆಚ್ಚು. ಅದರಲ್ಲಿ ಸೋರಿಕೆಯೇ ಇಲ್ಲ, ಏನೂ ಕಾಣುವುದಿಲ್ಲ, ಎಲ್ಲ ಸರಿ ಇದೆ ಎಂದು ಮುಂದೆ ಹೋಗುತ್ತಾರೆ. ಆ ಕಂಟ್ರೋಲ್ ಹಾನಿಯಾದ ಮಿದುಳಿನದೇ ಆಗಿರಬೇಕು.

ಎಲ್ಲ ಗುಂಪಿನ ಸೆಕ್ಷನ್‌ಗಳೂ ಒಂದೇ ದಿನ, ಒಂದೇ ದ್ರಾವಣದಲ್ಲಿ, ಒಂದೇ ಹೊತ್ತು ಇರಲಿ. ಇಂದು ಔಷಧದ ಗುಂಪು, ನಾಳೆ ಕಂಟ್ರೋಲ್ ಗುಂಪು ಎಂದು ಮಾಡಿದ ಸ್ಟೇನಿಂಗ್ ಅನ್ನು ಹೋಲಿಸಲು ಬರುವುದಿಲ್ಲ.

ಹಂತ 8: ಅಳತೆ

ಅಳೆಯುವವರಿಗೆ ಗುಂಪು ಗೊತ್ತಿರಬಾರದು. ಕೋಡ್ ಹಾಕುವ ಕೆಲಸ ಬೇರೆಯವರದು, ಅದೂ ಕತ್ತರಿಸುವ ಮುಂಚೆಯೇ ಆಗಬೇಕು. 1ರಿಂದ 8 ಔಷಧ, 9ರಿಂದ 16 ಕಂಟ್ರೋಲ್ ಎಂಬಂಥ ಕೋಡ್ ಕೋಡೇ ಅಲ್ಲ.

ಪ್ರತಿ ಸೆಕ್ಷನ್‌ನಲ್ಲಿ ಎರಡೂ ಕಡೆಯ ಉಳಿದ ಅಂಗಾಂಶದ ವಿಸ್ತೀರ್ಣ ಅಳೆದು, ಎಲ್ಲವನ್ನೂ ಕೂಡಿಸಿ, ಸೆಕ್ಷನ್‌ಗಳ ನಡುವಿನ 400 ಮೈಕ್ರಾನ್ ಅಂತರದಿಂದ ಗುಣಿಸಿದರೆ ಗಾತ್ರ ಸಿಗುತ್ತದೆ. ಕಟ್ಟದ ಕಡೆಯ ಗಾತ್ರದಿಂದ ಕಟ್ಟಿದ ಕಡೆಯದನ್ನು ಕಳೆದು, ಕಟ್ಟದ ಕಡೆಯದರಿಂದ ಭಾಗಿಸಿ, 100ರಿಂದ ಗುಣಿಸಿ. ಉದಾಹರಣೆಗೆ ಒಂದು ಕಡೆ 200, ಇನ್ನೊಂದು ಕಡೆ 150 ಘನ ಮಿಲಿಮೀಟರ್ ಇದ್ದರೆ ನಷ್ಟ ಶೇ 25.

ಈ ಲೆಕ್ಕ 7 ದಿನದ ನಂತರಕ್ಕೆ ಸರಿ. ಒಂದೆರಡು ದಿನದ ಮಿದುಳಿಗೆ ಹಾಕಿದರೆ ನಷ್ಟ ಸೊನ್ನೆಯೋ ಮೈನಸ್ಸೋ ಬರುತ್ತದೆ, ಯಾಕೆಂದರೆ ಆಗ ಹಾನಿಯಾದ ಕಡೆ ನೀರು ತುಂಬಿ ಊದಿಕೊಂಡಿರುತ್ತದೆ. ಆಗ ಮ್ಯಾಪ್2 ಬಣ್ಣ ಉಳಿದ ಭಾಗವನ್ನೇ ಅಳೆಯಿರಿ. ಇನ್ನು ಕಟ್ಟದ ಕಡೆ ಪೂರ್ತಿ ಆರೋಗ್ಯವಾಗಿದೆ ಎಂದುಕೊಳ್ಳಬೇಡಿ, ಅದೂ ಹೈಪಾಕ್ಸಿಯಾ ಕಂಡಿದೆ. ಅದರ ಗಾತ್ರವನ್ನು ಶ್ಯಾಮ್ ಮರಿಯ ಅದೇ ಕಡೆಯ ಜೊತೆ ಒಮ್ಮೆ ಹೋಲಿಸಿ ನೋಡಿ.

ಹರಿದ ಸೆಕ್ಷನ್ ಯಾವುದು ಬಿಡಬೇಕು, ಯಾವುದು ಇಟ್ಟುಕೊಳ್ಳಬೇಕು ಎಂಬ ನಿಯಮವನ್ನು ಅಳೆಯುವ ಮುಂಚೆ ಬರೆಯಿರಿ. ಒಂದು ವಾರ ಬಿಟ್ಟು ಹತ್ತು ಸೆಕ್ಷನ್‌ಗಳನ್ನು ಹಳೆಯ ಅಂಕಿ ನೋಡದೆ ಮತ್ತೆ ಅಳೆಯಿರಿ. ಎರಡು ಅಳತೆಗೂ ದೊಡ್ಡ ವ್ಯತ್ಯಾಸ ಬಂದರೆ ಗಡಿ ಎಳೆಯುವ ನಿಮ್ಮ ಕೈ ಇನ್ನೂ ಸ್ಥಿರವಾಗಿಲ್ಲ, ಮೊದಲಿಂದ ಮಾಡಿ. ಪರ್ಫ್ಯೂಷನ್ ದಿನ ಒಂದು ಬದಿ ಗುಲಾಬಿ ಎಂದು ಬರೆದ ಮಿದುಳುಗಳ, ಚೂರು ಬೇರೆಯಾದ ಮಿದುಳುಗಳ ಪಟ್ಟಿಯನ್ನು ಅಂಕಿಗಳ ಪಕ್ಕದಲ್ಲಿಡಿ. ಇಷ್ಟಾದ ಮೇಲೆ ಹಾಳೆಗೆ ದಿನಾಂಕ ಹಾಕಿ, ಸಹಿ ಮಾಡಿ, ಫೈಲನ್ನು ಲಾಕ್ ಮಾಡಿ. ಕೋಡಿನ ಲಕೋಟೆಯನ್ನು ಆಮೇಲೆ ಕೇಳಿ.